ಹದಿನೆಂಟು ಕಡ್ಡಿ

ತಲೆಗೆ ಸೋಪು ಹಚ್ಚಿಕೊಂಡ ಮೇಲೆ ನಳದಲ್ಲಿ ನೀರು ನಿಂತರೆ ಮನುಷ್ಯನ ಬುದ್ಧಿಯೂ ಅಲ್ಲಿಗೇ ನಿಲ್ಲುತ್ತದೆ. ಜೇವರ್ಗಿ ಕಾಲೋನಿಯ ನಮ್ಮ ಮನೆಯ ಮೋಟರು ಆ ದಿನ ಒಮ್ಮೆ ಗೊರ್ ಎಂದು ಸುಮ್ಮನಾಯಿತು. ಮೆಕ್ಯಾನಿಕ್ಕಿಗೆ ಫೋನು ಮಾಡಿ, ಟವೆಲು ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿಕೊಂಡೇ ಬಾಗಿಲಲ್ಲಿ ನಿಂತಿದ್ದೆ. ಗೇಟು ತೆರೆದು ಒಬ್ಬ ಸಣಕಲು ಮನುಷ್ಯ ಒಳಗೆ ಬಂದ. ಕೈಯಲ್ಲಿ ಚೀಲ, ಅಂಗಿಯ ಜೇಬಿನಲ್ಲಿ ಟೆಸ್ಟರು.

“ಈಗ ಬಂದೇನಪಾ? ಹಿಂದ ನಡಿ, ಮೋಟರ್ ಅಲ್ಲೇ ಅದ. ಚಪ್ಪಲಿ ಹೊರಗೇ ಬಿಡು.”

ಅವನು ನನ್ನ ಮುಖ ನೋಡಿದ, ಸೋಪು ನೋಡಿದ, ಚಪ್ಪಲಿ ಬಿಟ್ಟು ಹಿತ್ತಲಿಗೆ ನಡೆದ. ಇಪ್ಪತ್ತು ನಿಮಿಷದಲ್ಲಿ ನೀರು ಬಂತು. ಸ್ನಾನ ಮುಗಿಸಿ, ಮನುಷ್ಯನಂತಾಗಿ ಹೊರಗೆ ಬಂದು, “ಎಷ್ಟಾತು?” ಎಂದೆ.

“ಏನಿಲ್ರಿ. ಕೆಪ್ಯಾಸಿಟರ್ ಹೋಗಿತ್ತು. ನನ್ನ ಚೀಲದಾಗ ಒಂದಿತ್ತು, ಹಾಕೀನಿ.” ಕೈ ಒರೆಸಿಕೊಂಡು ಕೇಳಿದ: “ಮಂದೀನ ನಗಸೋ ಸರ್ ಮನಿ ಇದೇ ಏನ್ರಿ?”

ಅದೇ ಹೊತ್ತಿಗೆ ಗೇಟಿನ ಹೊರಗೆ ನಮ್ಮ ಖಾಯಂ ಮೆಕ್ಯಾನಿಕ್ಕು ಬೈಕಿನ ಹಾರ್ನು ಹೊಡೆದ. ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ, “ಅವರು ನಿಮ್ಮನ್ನ ಕಾಣಾಕ ಕಮಲಾಪುರದಿಂದ ಬಂದಾರ. ಬರೂ ಮುಂದ ನನಗ ಫೋನ್ ಮಾಡಿದ್ರು. ನೀವು ಅವರನ್ನ ಮೋಟರ್ ರಿಪೇರಿಗೆ ಹಚ್ಚಿದ್ರಿ” ಎಂದಳು.

“ಮೊದಲೇ ಹೇಳಬಾರದೇನ್ರಿ?” ಎಂದೆ, ಈಗ ಬಹುವಚನದಲ್ಲಿ.

“ನೀವು ಕೇಳಲಿಲ್ರಿ. ಮೋಟರ್ ಖರೇನೇ ಕೆಟ್ಟಿತ್ತು.”

ಹೀಗೆ ಮಾಣಿಕಪ್ಪನ ಪರಿಚಯವಾಯಿತು. ಕಮಲಾಪುರದ ಮುಖ್ಯ ರಸ್ತೆಯಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ವಯಸ್ಸು ನನಗಿಂತ ನಾಲ್ಕೈದು ವರ್ಷ ಕಡಿಮೆ, ಮಾತು ನನಗಿಂತ ನಾಲ್ಕೈದು ಸಾವಿರ ಕಡಿಮೆ. ಚೀಲದಲ್ಲಿದ್ದ ಪಾನಾ, ಸ್ಕ್ರೂಡ್ರೈವರುಗಳ ಕೆಳಗಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತೆಗೆದು ಟೇಬಲ್ಲಿನ ಮೇಲಿಟ್ಟ.

ನಾನು ಹೊಟ್ಟೆಪಾಡಿಗೆ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಚಪ್ಪಾಳೆಗಾಗಿ ಊರೂರಿನಲ್ಲಿ ಹಾಸ್ಯ ಭಾಷಣ ಮಾಡುವವನು. ಹಣ್ಣು ಕಂಡರೆ ಆಮಂತ್ರಣ ಎಂದೇ ನನ್ನ ತಿಳುವಳಿಕೆ. ಡೈರಿ ತೆಗೆದು, ಖಾಲಿ ಹಾಳೆಗಳು ಅವನಿಗೆ ಕಾಣದ ಹಾಗೆ ಎದೆಗೆ ಹಿಡಿದುಕೊಂಡು, “ಈ ತಿಂಗಳು ಭಾಳ ಟೈಟ್ ಅದ ನೋಡ್ರಿ. ಎಷ್ಟು ಮಂದಿ ಕೂಡ್ತಾರ?” ಎಂದೆ.

“ಒಬ್ಬಾಕಿರಿ.”

“ಒಬ್ಬಾಕಿ?”

“ನನ್ನ ಹೆಂಡತಿ. ಶೇವಂತಾ.”

ಆಮೇಲೆ ಅವನು ಹೇಳಿದ್ದನ್ನು ನಾನು ಡೈರಿ ಮುಚ್ಚಿಟ್ಟು ಕೇಳಿದೆ. ಶೇವಂತಾಗೆ ಬಾಯಿ ಕ್ಯಾನ್ಸರ್ ಆಗಿತ್ತು. ಎಡಗೆನ್ನೆಯ ಒಳಗೆ ಆಪರೇಷನ್ನು, ಆಮೇಲೆ ಮೂವತ್ಮೂರು ದಿನ ‘ಕರೆಂಟು’. ರೇಡಿಯೇಷನ್ನಿಗೆ ನಮ್ಮ ಕಡೆ ಜನ ಹಾಗೇ ಅನ್ನುವುದು. ಮಾಣಿಕಪ್ಪ ಅಂಗಡಿ ಮುಚ್ಚಿ, ಕಲಬುರಗಿಯ ರೋಜಾ ಬಡಾವಣೆಯ ಕಡೆ ಒಂದು ಖೋಲಿ ಹಿಡಿದು, ದಿನಾ ಆಟೋದಲ್ಲಿ ಆಕೆಯನ್ನು ಕರೆದೊಯ್ದು ತಂದ. “ಎಷ್ಟು ವೋಲ್ಟ್ ಕೊಡ್ತೀರಿ ಅಂತ ಕೇಳಿದೆರಿ. ನಕ್ಕರು, ಹೇಳಲಿಲ್ಲ” ಎಂದ. ಅವನ ವೃತ್ತಿಗೆ ಅದೊಂದು ಅವಮಾನ ಎಂಬಂತೆ.

ರೋಗ ಹೋಗಿದೆ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಆದರೆ ದವಡೆ ಬಿಗಿದುಕೊಂಡಿತ್ತು. ಬಾಯಿ ತೆರೆಯುತ್ತಿರಲಿಲ್ಲ. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಟ್ಟು, ದಿನಕ್ಕೆ ಐದಾರು ಸಲ ಬಾಯಿ ಹಿಗ್ಗಿಸಬೇಕು. ಹದಿನೆಂಟು ಕಡ್ಡಿ ಹಿಡಿದರೆ ಮೂರು ಬೆರಳಿನ ಬಾಯಿ, ಅಂದರೆ ಸರಿಯಾದ ಬಾಯಿ. ಶೇವಂತಾ ಹನ್ನೆರಡಕ್ಕೆ ಬಂದು ಒಂದು ತಿಂಗಳಿಂದ ಅಲ್ಲೇ ನಿಂತಿದ್ದಳು. ನೋವಿಗೆ ಬೇಸತ್ತು ಈಗ ಕಡ್ಡಿಗಳನ್ನು ಮುಟ್ಟುತ್ತಲೂ ಇರಲಿಲ್ಲ. ಮುಂದಿನ ತಿಂಗಳ ಇಪ್ಪತ್ತಕ್ಕೆ ಡಾಕ್ಟರು ನೋಡುವವರಿದ್ದರು. ಹದಿನೈದಕ್ಕಾದರೂ ಬರದಿದ್ದರೆ ಇನ್ನೊಂದು ಆಪರೇಷನ್ನು.

“ಮತ್ತ ಆ ಆಪರೇಷನ್ ಖೋಲಿಗೆ ಕಾಲಿಡೂದಿಲ್ಲ ಅಂತಾಳರಿ. ಹಿಂಗೇ ಅಂಬಲಿ ಕುಡದು ಇರ್ತೀನಿ ಅಂತಾಳ. ಹೆಂಗರಿ ಇರೂದು?” ಚೀಲದ ಬಾಯಿ ಕಟ್ಟುತ್ತ ಹೇಳಿದ: “ನಕ್ಕರ ಬಾಯಿ ತೆರೀತದಲ್ಲರಿ. ನಮ್ಮೂರ ಸಾಲ್ಯಾಗ ನೀವು ಬಂದು ಮಾತಾಡಿದಾಗ ಆಕಿ ಭಾಳ ನಕ್ಕಿದ್ಲು. ಎಂಟು ವರ್ಷಾತು.”

ನನ್ನನ್ನು ನಂಬಿ ಒಬ್ಬ ಮನುಷ್ಯ ಔಷಧದ ಹಾಗೆ ಕೊಂಡೊಯ್ಯಲು ಬಂದಿದ್ದ. ಅದನ್ನು ಕೇಳಿ ನನಗೆ ದುಃಖವಾಗಬೇಕಿತ್ತು. ಆದದ್ದು ಉಬ್ಬು. ಡಾಕ್ಟರಿಂದಾಗದ್ದು ನನ್ನಿಂದ ಆಗುತ್ತದೆ ಎಂದುಕೊಂಡೆ. ಹೆಂಡತಿಯ ಮುಂದೆ ಒಂದೆರಡು ಸಲ ಅಂದೂಬಿಟ್ಟೆ. ಆಕೆ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತ, “ಮದ್ವಿಯಾಗಿ ಇಪ್ಪತ್ನಾಕು ವರ್ಷಾತು, ನನ್ನ ಬಾಯಿ ಎಷ್ಟು ಬೆರಳು ತೆರದೀರಿ?” ಎಂದಳು.

ಐತವಾರ ಕಾಲೇಜಿಗೆ ರಜೆ, ಬಸ್ಸು ಹತ್ತಿದೆ. ಕಮಲಾಪುರ ಮುಟ್ಟುವವರೆಗೂ ಮನಸ್ಸಿನಲ್ಲೇ ತಾಲೀಮು. ಯಾವ ಜೋಕಿನ ಮೇಲೆ ಯಾವ ಜೋಕು, ಎಲ್ಲಿ ತಡೆಯಬೇಕು, ಎಲ್ಲಿ ಹುಬ್ಬು ಏರಿಸಬೇಕು. ಕೊನೆಗೆ ಇಡಬೇಕಾದ ಹುಕುಮಿನ ಎಲೆ ಯಾವುದೆಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ: ನನ್ನ ಮಿಶ್ರಿಯ ಐಟಮ್ಮು. ಇಪ್ಪತ್ತು ವರ್ಷದಲ್ಲಿ ಅದು ಒಮ್ಮೆಯೂ ಸೋತಿರಲಿಲ್ಲ.

ಮಾಣಿಕಪ್ಪನ ಮನೆ ಅಂಗಡಿಯ ಹಿಂದೆಯೇ. ಅಂಗಡಿಯ ಶಟರಿನ ಒಳಮೈಯಲ್ಲಿ ಸೀಮೆಸುಣ್ಣದ ಅಂಕಿಗಳು: ಒಂಬತ್ತು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಹನ್ನೆರಡು, ಹನ್ನೆರಡು. ಆಮೇಲೆ ಏನೂ ಇರಲಿಲ್ಲ. ಮನೆಯೊಳಗೆ ಬುದ್ಧನ ಮತ್ತು ಬಾಬಾಸಾಹೇಬರ ಫೋಟೊಗಳ ಕೆಳಗೆ, ಗೋಡೆಗೆ ಒರಗಿ ಶೇವಂತಾ ಕೂತಿದ್ದಳು. ಸೆರಗು ಎಡಗೆನ್ನೆಯ ಮೇಲೆ, ಪಕ್ಕದಲ್ಲಿ ನೀರಿನ ಸಣ್ಣ ಬಾಟಲಿ. ಆಸ್ಪತ್ರೆಯ ‘ಕರೆಂಟು’ ಆದ ಮೇಲೆ ಬಾಯಲ್ಲಿ ಜೊಲ್ಲು ಬತ್ತಿಹೋಗಿತ್ತು. ಎರಡು ಮಾತಿಗೊಮ್ಮೆ ಒಂದು ಗುಟುಕು ಬೇಕಿತ್ತು. ಪಕ್ಕದ ಮನೆಯ ಜೈನಾಬಿ, ಎಪ್ಪತ್ತರ ಮುದುಕಿ, ನನ್ನನ್ನು ನೋಡಲೆಂದೇ ಬಂದು ಬಾಗಿಲ ಬಳಿ ಜಾಗ ಹಿಡಿದಿದ್ದಳು.

ಮಾಣಿಕಪ್ಪ ಮೊದಲು ಊಟಕ್ಕೆ ಕೂರಿಸಿದ. ಅಡುಗೆ ಅವನದೇ. ಹಾಲಿನಲ್ಲಿ ನೆನೆಸಿ ಹಿಚುಕಿದ ಜೋಳದ ರೊಟ್ಟಿ, ತೆಳ್ಳನೆಯ ಹೆಸರುಬೇಳೆ. ಒಂದು ತುತ್ತು ಬಾಯಿಗಿಟ್ಟು, ಇನ್ನೂ ಮಾತು ಶುರುವಾಗುವ ಮೊದಲೇ ಒಂದು ನಗೆ ಗಿಟ್ಟಿಸೋಣವೆಂದು, “ಏನ್ ಮಾಣಿಕಪ್ಪ, ಕಮಲಾಪುರದಾಗ ಮೆಣಸಿನಕಾಯಿ ಬಂದ್ ಮಾಡ್ಯಾರೇನು?” ಎಂದೆ.

ಯಾರೂ ನಗಲಿಲ್ಲ. ಜೈನಾಬಿ ಹೇಳಿದಳು: “ಆಕಿಗೆ ಖಾರ ಹತ್ತಂಗಿಲ್ಲ ಸಾಬ್. ಬಾಯಿ ಉರೀತದ. ಆಕಿ ತಿನ್ನಂಗಿಲ್ಲ ಅಂತ ಇಂವನೂ ಬಿಟ್ಟಾನ, ಎಂಟು ತಿಂಗಳಾತು. ನಮ್ಮನಿಗೆ ಬಂದ್ರೂ ಉಪ್ಪಿನಕಾಯಿ ಮುಟ್ಟಂಗಿಲ್ಲ.”

“ಎರಡು ಥರಾ ಅಡಗಿ ಮಾಡಾಕ ಬರಂಗಿಲ್ರಿ ನನಗ, ಅದಕ್ಕ” ಎಂದ ಮಾಣಿಕಪ್ಪ.

ನಾನು ತಟ್ಟೆ ನೋಡುತ್ತ ಉಂಡು ಮುಗಿಸಿದೆ. ಆಮೇಲೆ ಅಂಗಳದಿಂದ ಒಂದು ಕುರ್ಚಿ ತಂದು, ಶೇವಂತಾಳ ಎದುರಿಗೆ ಹಾಕಿ, ಮೋಟರು ಆನ್ ಮಾಡಿದವನ ಹಾಗೆ ಮಾಣಿಕಪ್ಪ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಕೈಯಲ್ಲಿ ಕಡ್ಡಿಗಳ ಕಟ್ಟು.

ಶುರು ಮಾಡಿದೆ. ಮಾಸ್ತರನ ಜೋಕು, ಬಸ್ ಕಂಡಕ್ಟರನ ಜೋಕು, ಬೀಗರ ಜೋಕು. ಜೈನಾಬಿ ಪ್ರತಿಯೊಂದಕ್ಕೂ ತೊಡೆ ತಟ್ಟಿಕೊಂಡು ನಕ್ಕು ಕಣ್ಣೊರೆಸಿಕೊಂಡಳು. ಅವಳ ಬಾಯಿ ಹದಿನೆಂಟಲ್ಲ, ಮೂವತ್ತು ಕಡ್ಡಿ ಹಿಡಿಸುವಷ್ಟು ತೆರೆಯಿತು. ಅದರಿಂದ ಏನು ಉಪಯೋಗ? ಶೇವಂತಾ ನನ್ನನ್ನು ನೋಡುತ್ತಿದ್ದಳು, ಬಸ್ಸಿನ ಕಿಟಕಿಯಿಂದ ಹೊಲ ನೋಡುವ ಹಾಗೆ.

ಆಗ ಆಕೆಯೇ ಒಂದು ಗುಟುಕು ನೀರು ಕುಡಿದು, ಹಲ್ಲಿನ ಸಂದಿಯಿಂದ ಹೇಳಿದಳು: “ಆ ಮಿಶ್ರಿದ್ದು ಹೇಳ್ರಿ.”

ಹೋದ ಜೀವ ಬಂತು. ಅಭಿಮಾನಿ! ಕುರ್ಚಿಯಿಂದ ಎದ್ದೇ ನಿಂತೆ.

ಮಿಶ್ರಿ ಎಂದರೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಹಲ್ಲುಜ್ಜುವ ನೆಪದಲ್ಲಿ ಅದನ್ನು ಒಸಡಿಗೆ ತಿಕ್ಕಿ ತಾಸುಗಟ್ಟಲೆ ಕೂರುತ್ತಾರೆ. ನನ್ನ ಐಟಮ್ಮು ಹೀಗೆ: ಒಬ್ಬ ಗಂಡ, ‘ನಿಮ್ಮನ್ಯಾಗ ಜಗಳಾನೇ ಇಲ್ಲಲ್ಲೋ, ಏನು ಗುಟ್ಟು?’ ಎಂದು ಇನ್ನೊಬ್ಬನನ್ನು ಕೇಳುತ್ತಾನೆ. ‘ಸಂತಿಂದ ಒಂದು ಮಿಶ್ರಿ ಡಬ್ಬಿ ತಂದು ಕೊಡು. ಬಟ್ಟು ಬಾಯಾಗ ಹೋತಂದ್ರ ಬಾಯಿ ಬಂದ್’ ಎನ್ನುತ್ತಾನೆ ಅವನು. ಅಲ್ಲಿಗೆ ನಾನು ತೋರುಬೆರಳನ್ನು ಗೆನ್ನೆಯೊಳಗೆ ತುರುಕಿ, ಕಣ್ಣರಳಿಸಿ, ಊಂ ಊಂ ಎಂದು ಜಗಳವಾಡುವ ಹೆಂಗಸಾಗುತ್ತೇನೆ. ಸಭೆ ಬಿದ್ದು ಬಿದ್ದು ನಗುತ್ತದೆ.

ಕಾರಣವೇನು, ಪರಿಣಾಮವೇನು ಎಂದು ಹುಡುಗರಿಗೆ ಬೋರ್ಡಿನ ಮೇಲೆ ಎರಡು ಕಾಲಮ್ಮು ಹಾಕಿ ಕಲಿಸುವವನು ನಾನು. ಆ ಮನೆಯಲ್ಲಿ, ಆ ಹೆಂಗಸಿನ ಮುಂದೆ ನಿಂತು, ಬೆರಳನ್ನು ಗೆನ್ನೆಯೊಳಗೆ ತುರುಕಿ ಊಂ ಊಂ ಎಂದೆ. ಅದೂ ಎಡಗೆನ್ನೆ.

ಜೈನಾಬಿ ಕೂಡ ನಗಲಿಲ್ಲ.

“ತೋಬಾ” ಎಂದಳು. “ಸಾಬ್, ನಿಮಗ ಗೊತ್ತಿಲ್ಲೇನು? ಆಶಾ ಕಾರ್ಯಕರ್ತಿ ಹೇಳಿದ್ದಕ್ಕ ಈ ಹುಡುಗಿ ಅವತ್ತಿಗೆ ಮಿಶ್ರಿ ಬಿಟ್ಟು ಮೂರು ತಿಂಗಳಾಗಿತ್ತು. ನಿಮ್ಮ ಭಾಷಣಾ ಆತು. ಓಣಿ ಎಲ್ಲಾ ನಕ್ಕಿತು. ಮರುವಾರ ಇಂವ ಸಂತಿಂದ ಡಬ್ಬಿ ತಂದ. ಎಲ್ಲಾರೂ ನಕ್ಕೆವು, ನಾನೂ ನಕ್ಕೆ. ಜಗಳಾದಾಗೆಲ್ಲ ಡಬ್ಬಿ. ‘ಸಾಹೇಬ್ರ ಔಷಧ’ ಅಂತ ಹೆಸರೇ ಇಟ್ಟಿದ್ವಿ.”

“ಖಾಲಾ, ಸಾಕು” ಎಂದಳು ಶೇವಂತಾ.

ನನ್ನ ಬೆರಳು ಇನ್ನೂ ಬಾಯಲ್ಲೇ ಇತ್ತು. ತೆಗೆದೆ. ಒರೆಸಿಕೊಳ್ಳಲು ಏನೂ ಸಿಗಲಿಲ್ಲ.

ಮಾಣಿಕಪ್ಪ ಕಡ್ಡಿಗಳ ಕಟ್ಟನ್ನು ನೋಡುತ್ತಿದ್ದ. “ತಂದಾಂವ ನಾನರಿ” ಎಂದ. “ನೀವು ಬರೇ ಹೇಳಿದ್ರಿ.”

ಶೇವಂತಾ ಮತ್ತೆ ಬಾಟಲಿ ಎತ್ತಿದಳು. “ಅವತ್ತು ಭಾಳ ನಕ್ಕಿದ್ದೆ. ಈಗೂ ನಗು ಬರ್ತದೇನು ಅಂತ ನೋಡಿದೆರಿ.” ಇನ್ನೊಂದು ಗುಟುಕು. “ಬರಲಿಲ್ಲ.”

ಆಗ ನಾನು ಮಾಡಬೇಕಾಗಿದ್ದು ಒಂದೇ: ತಪ್ಪಾಯಿತು ಎಂದು ಹೇಳಿ ಸುಮ್ಮನಾಗುವುದು. ಆದರೆ ಮೂವತ್ತು ವರ್ಷ ಮಾತಿನ ಮೇಲೆ ಬದುಕಿದವನಿಗೆ ಸುಮ್ಮನಾಗುವ ಅಭ್ಯಾಸ ಎಲ್ಲಿಂದ ಬರಬೇಕು? ಕುರ್ಚಿಯಲ್ಲಿ ಕುಸಿದು ಮಾಫಿ ಕೇಳಲು ಶುರು ಮಾಡಿದೆ. ಆ ಐಟಮ್ಮು ನನಗೆ ಹೊಳೆದ ಬಗೆ, ಅದನ್ನು ಮೊದಲು ಹೇಳಿದ ಊರು, ಹಾಸ್ಯಗಾರನ ಜವಾಬ್ದಾರಿ, ಸಮಾಜ, ನನ್ನ ತಾಯಿಯೂ ಮಿಶ್ರಿ ತಿಕ್ಕುತ್ತಿದ್ದದ್ದು, ನನ್ನ ಮನಸ್ಸಿಗೆ ಈಗ ಆಗುತ್ತಿರುವ ಸಂಕಟ, ಆ ಸಂಕಟದ ಸ್ವರೂಪ. ಎಷ್ಟು ಹೊತ್ತು ಮಾತಾಡಿದೆನೋ ತಿಳಿಯದು. ಜೈನಾಬಿ ನಮಾಜಿಗೆಂದು ಎದ್ದು ಹೋಗಿ ಮುಗಿಸಿಕೊಂಡು ವಾಪಸ್ಸು ಬಂದಳು.

ನನ್ನ ಸಂಕಟದ ಮೂರನೆಯ ಕಾರಣಕ್ಕೆ ಬಂದಿದ್ದೆ. ಶೇವಂತಾಳ ಮೂಗಿನ ಹೊಳ್ಳೆ ಅರಳಿತು. ಕಣ್ಣು ಕಿರಿದಾಯಿತು. ಗದ್ದ ಕೆಳಗಿಳಿಯಿತು. ಕಾಲೇಜಿನಲ್ಲಿ ದಿನಕ್ಕೆ ನೂರು ಸಲ ನೋಡುವ ದೃಶ್ಯ ಅದು. ಅದು ಬರುತ್ತಿದೆ ಎಂದು ನಾನು ದೂರದಿಂದಲೇ ಗುರುತಿಸಬಲ್ಲೆ. ಆಕಳಿಕೆ! ನಿಧಾನವಾಗಿ, ನೋವಿಗೂ ಜಗ್ಗದೆ, ಬಂದೇ ಬಂತು.

ಮಾಣಿಕಪ್ಪ ಬೆಕ್ಕಿನ ಹಾಗೆ ಮುಂದೆ ಹಾರಿ ಕಡ್ಡಿಗಳ ಕಟ್ಟನ್ನು ಒಳಗೆ ಕೂರಿಸಿದ. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ಅವನ ಕೈಗೆ ಒಂದೇಟು ಹಾಕಿದಳು. ಆದರೆ ಕಟ್ಟನ್ನು ಉಗುಳಲಿಲ್ಲ.

“ಹದಿಮೂರು” ಎಂದ ಅವನು. ಅಂಗಡಿಗೆ ಓಡಿಹೋಗಿ ಶಟರಿನ ಮೇಲೆ ಬರೆದು ಬಂದ. ಬಂದವನು ನನಗೆ, “ಯಾಕ ನಿಲ್ಲಿಸಿದ್ರಿ? ಹೇಳ್ರಿ” ಎಂದ.

ಆ ದಿನದಿಂದ ಐತವಾರಕ್ಕೊಮ್ಮೆ ಕಮಲಾಪುರಕ್ಕೆ ಹೋಗುವುದು ನನ್ನ ಪಾಲಿಗೆ ಬಂತು. ಜೋಕು ಬೇಡವೆಂದು ಶೇವಂತಾಳೇ ಹೇಳಿದಳು. ಮಾಫಿಯೂ ಬೇಡ, ಅದರಲ್ಲಿ ‘ನಾನು, ನಾನು’ ಭಾಳ ಬರ್ತದ ಎಂದಳು. ಇನ್ನೇನು ಬರುತ್ತದೆ ನಿಮಗೆ ಎಂದು ಮಾಣಿಕಪ್ಪ ವಿಚಾರಿಸಿದ. ಇತಿಹಾಸ ಎಂದೆ. ಯಾವುದು ಎಲ್ಲಕ್ಕಿಂತ ಉದ್ದ ಅದ ಎಂದು ಕೇಳಿದ. ಬಹಮನಿ ಸುಲ್ತಾನರು, ಒಟ್ಟು ಹದಿನೆಂಟು ಮಂದಿ ಎಂದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಕ್ರಮ ಹೀಗೆ ನಿಂತಿತು. ಕಡ್ಡಿಗೊಬ್ಬ ಸುಲ್ತಾನ: ಹದಿಮೂರು ಕಡ್ಡಿಗೆ ಹದಿಮೂರು ಮಂದಿ, ಹೊಸ ಕಡ್ಡಿ ಹಿಡಿದರೆ ಮಾತ್ರ ಮುಂದಿನವನು. ನಾನು ಅವನ ಪಟ್ಟ, ಯುದ್ಧ, ಮರಣ ಹೇಳಬೇಕು. ಅಷ್ಟರವರೆಗೆ ಆಕೆ ಕಡ್ಡಿ ಕಚ್ಚಿ ಕೂರಬೇಕು. ನನ್ನ ದನಿ ಕೇಳುತ್ತಿದ್ದರೆ ನೋವಿನ ಕಡೆ ಲಕ್ಷ್ಯ ಹೋಗುವುದಿಲ್ಲ, ನಿದ್ದೆ ಬರುತ್ತದೆ ಎಂದು ಆಕೆಯ ಅಭಿಪ್ರಾಯ. ವಾರದ ಉಳಿದ ದಿನಗಳಿಗೆಂದು ಮಾಣಿಕಪ್ಪ ನನ್ನ ಪಾಠವನ್ನು ಮೊಬೈಲಿನಲ್ಲಿ ತುಂಬಿಕೊಳ್ಳುತ್ತಿದ್ದ. ಆಕೆಯ ಜೊತೆ ಅವನೂ ಎದುರಿಗೆ ಕೂತು, ತನ್ನ ಬಾಯಲ್ಲೂ ಒಂದು ಕಟ್ಟು ಕಡ್ಡಿ ಇಟ್ಟುಕೊಳ್ಳುತ್ತಿದ್ದ. ನಿನಗ್ಯಾಕೋ ಎಂದರೆ, “ಎಷ್ಟು ನೋಯ್ತದ ಅಂತ ಗೊತ್ತಾಗಬೇಕಲ್ರಿ” ಎನ್ನುತ್ತಿದ್ದ. ಸಾಕು ಎಂದು ಆಕೆ ಕೈ ಎತ್ತಿದರೆ ಆ ಕ್ಷಣವೇ ತೆಗೆಯುತ್ತಿದ್ದ, ಒತ್ತಾಯ ಮಾಡುತ್ತಿರಲಿಲ್ಲ. “ಮೋಟರ್ ಸುಟ್ಟರ ಹೊಸ ವೈಂಡಿಂಗ್ ಹಾಕಬಹುದರಿ” ಎಂದ ಒಮ್ಮೆ. “ಇಲ್ಲಿ ಹಳೇದರಾಗೇ ನಡಸಬೇಕು.”

ನಡುವೆ ಇನ್ನೊಂದು ಸಂಗತಿ ನಡೆಯಿತು. ಬರೆಯದೆ ಬಿಡಬಹುದಿತ್ತು. ಮೂರನೆಯ ವಾರ ಕಲಬುರಗಿಯಲ್ಲೇ ನನ್ನದೊಂದು ಕಾರ್ಯಕ್ರಮವಿತ್ತು. ಎಲ್ಲವೂ ಸಪ್ಪೆಯಾಗಿ ಸಾಗುತ್ತಿತ್ತು. ಹಿಂದಿನ ಸಾಲಿನಿಂದ ಯಾರೋ, “ಸರ್, ಮಿಶ್ರಿ!” ಎಂದು ಕೂಗಿದರು. ಸಭೆಯೆಲ್ಲ ಅದನ್ನೇ ಕೂಗಿತು. ಇಲ್ಲ ಎನ್ನಲು ನನ್ನ ನಾಲಿಗೆಗೆ ಬರಲಿಲ್ಲ. ಬೆರಳು ತಾನಾಗಿ ಗೆನ್ನೆಗೆ ಹೋಯಿತು. ಅಲ್ಲಿಗೆ ಹೋದ ಮೇಲೆ ಶೇವಂತಾಳ ಬಾಟಲಿ ನೆನಪಾಗಿ, ಬೆರಳಿಟ್ಟುಕೊಂಡೇ ನಿಂತುಬಿಟ್ಟೆ. ಅದೂ ಅಭಿನಯವೆಂದು ತಿಳಿದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದು ಸ್ವೀಕರಿಸಿದೆ.

ಮರು ಐತವಾರ ಅದನ್ನು ಇಬ್ಬರಿಗೂ ಹೇಳಿದೆ. ಶೇವಂತಾ ಬಾಯಿಂದ ಕಡ್ಡಿ ತೆಗೆದು, “ಚಪ್ಪಾಳಿ ಬಿತ್ತೇನ್ರಿ?” ಎಂದು ಕೇಳಿದಳು.

“ಬಿತ್ತು.”

ಆಕೆ ಕಡ್ಡಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು. ಮಾಣಿಕಪ್ಪ ಎದ್ದು ಅಂಗಡಿಗೆ ಹೋದ. ಬಹಳ ಹೊತ್ತು ಅಲ್ಲಿಂದ ತಂತಿ ಸುತ್ತುವ ಸದ್ದು ಮಾತ್ರ ಬರುತ್ತಿತ್ತು. ಹದಿನಾಲ್ಕನೆಯ ಸುಲ್ತಾನನನ್ನು ನಾನು ಅಂದು ಶೇವಂತಾ ಮತ್ತು ಜೈನಾಬಿಗೆ ಮಾತ್ರ ಹೇಳಿದೆ. ಊಟಕ್ಕೆ ಕರೆಯಲಿಲ್ಲ. ನಾನು ಬಸ್ಸಿಗೆ ಹೊರಟಾಗ ಅವನು ಶಟರಿನ ಹಿಂದಿನಿಂದಲೇ, “ವೇಳೆಕ್ಕ ಬರ್ರಿ ಮುಂದಿನ ವಾರ” ಎಂದ.

ಇಪ್ಪತ್ತನೆಯ ತಾರೀಖು ಕಾಲೇಜಿಗೆ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಶೇವಂತಾಳ ಸೆರಗು ಬಿಗಿಯಾಗಿತ್ತು, ಬಾಟಲಿ ಆಗಲೇ ಖಾಲಿ. ಮಾಣಿಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಜೇಬಿನಲ್ಲಿ ಟೆಸ್ಟರಿನ ಬದಲು ಕಡ್ಡಿಗಳ ಕಟ್ಟು. ನರ್ಸು ಹೆಸರು ಕೂಗಿದಾಗ ಶೇವಂತಾ ಏಳಲಿಲ್ಲ. “ಆಪರೇಷನ್ ಅಂದ್ರ ನಾ ಅಲ್ಲಿಂದಾನೇ ಬಸ್ ಸ್ಟ್ಯಾಂಡಿಗೆ ಹೋಗಾಕಿ” ಎಂದಳು. “ಹೋಗೂಣು. ಇಬ್ಬರೂ ಹೋಗೂಣು. ಮೊದಲ ಬಾಯಿ ತೋರಸು” ಎಂದ ಅವನು.

ಅವರು ಒಳಗಿದ್ದಷ್ಟು ಹೊತ್ತು ನಾನು ಹೊರಗೆ ಬೆಂಚಿನ ಮೇಲೆ ಕೂತು ಸುಲ್ತಾನರ ಹೆಸರುಗಳನ್ನು ಮೊದಲಿನಿಂದ ಎಣಿಸಿದೆ. ನನ್ನ ಜನ್ಮದಲ್ಲಿ ಮೊದಲ ಸಲ ಅವುಗಳಿಂದ ನನಗೆ ನಿದ್ದೆ ಬರಲಿಲ್ಲ.

ಬಾಗಿಲು ತೆರೆಯಿತು. ಶೇವಂತಾ ಮುಂದೆ ಬಂದಳು. ಸೆರಗು ಹೆಗಲಿಗಿಳಿದಿತ್ತು. ನನ್ನನ್ನು ದಾಟಿ ಸೀದಾ ನೀರಿನ ನಳದ ಕಡೆ ಹೋಗಿ, ಬಾಟಲಿ ತುಂಬಿಸತೊಡಗಿದಳು.

“ಹದಿನೈದು” ಎಂದ ಮಾಣಿಕಪ್ಪ. “ಡಾಕ್ಟರ್ ತಾವೇ ಎಣಿಸಿದ್ರು. ಆಪರೇಷನ್ ಬ್ಯಾಡ ಅಂದ್ರು. ಮನ್ಯಾಗೇ ಹದಿನೆಂಟು ಮಾಡ್ಕೋರಿ ಅಂದಾರ.”

ನನ್ನ ಕಣ್ಣು ತುಂಬಿತು. ಈ ಸಲ ನಿಜವಾಗಿ ಕೈ ಮುಗಿಯಬೇಕು ಎನ್ನಿಸಿ ಕೈ ಎತ್ತಿದೆ. ಅವನು ಅದನ್ನು ನೋಡದವನಂತೆ ಕಡ್ಡಿಗಳಿಗೆ ರಬ್ಬರ್ ಬ್ಯಾಂಡು ಹಾಕುತ್ತಿದ್ದ. ಆ ಹೊತ್ತಿನಲ್ಲಿ ಕೇಳಬಾರದಿತ್ತು. ಆದರೆ ಒಳ್ಳೆಯ ಸುದ್ದಿಯ ನೆರಳಿನಲ್ಲಿ ನನಗೂ ಒಂದಿಷ್ಟು ಬಿಡುಗಡೆ ಸಿಕ್ಕೀತೆಂದು ಆಸೆಯಾಯಿತು.

“ಮಾಣಿಕಪ್ಪ, ಖರೇ ಹೇಳು. ನನ್ನ ಮ್ಯಾಲ ನಿನಗ ಸಿಟ್ಟಿಲ್ಲೇನು?”

ಅವನು ಕಟ್ಟನ್ನು ಜೇಬಿಗಿಟ್ಟುಕೊಂಡ.

“ಸಿಟ್ಟು ಅದರಿ” ಎಂದ. “ಆದ್ರ ಇನ್ನ ಮೂರು ಮಂದಿ ಸುಲ್ತಾನರು ಬಾಕಿ ಅದಾರ. ಐತವಾರ ಬರ್ರಿ.”